ಗೂಗಿಗುಡ್ಡದ ಪರದೇಶಿ

ತಾನೇ ಜಪ್ತಿ ಮಾಡಿದ ಬಲೆಯನ್ನು ತಾನೇ ಹೆಗಲ ಮೇಲೆ ಹೊತ್ತು ತಂದು ಅದರ ಮಾಲೀಕನ ಮುಂದೆ ಇಳಿಸುವುದಕ್ಕಿಂತ ದೊಡ್ಡ ಅವಮಾನ ಒಬ್ಬ ಅರಣ್ಯ ರಕ್ಷಕನಿಗೆ ಇನ್ನೊಂದಿಲ್ಲ. ಉದಯಕುಮಾರ ಅದನ್ನೂ ನುಂಗಿಕೊಂಡ. ಅರಕೇರಾದ ಪಶು ಆಸ್ಪತ್ರೆಯ ಕಟ್ಟೆಯ ಮೇಲೆ ಬಲೆಯ ಸುರುಳಿ ಧೊಪ್ಪನೆ ಬಿತ್ತು.

ಮೊಲದ ಬಲೆ ಒಡ್ಡುವುದರಲ್ಲಿ ಸುತ್ತಲ ಊರುಗಳಿಗೆಲ್ಲ ಹೆಸರಾದ ಹಂಪಣ್ಣ ಕೂತಲ್ಲಿಂದ ಏಳಲಿಲ್ಲ. ಕಾಲ್ಬೆರಳಿನಿಂದಲೇ ಬಲೆ ಎತ್ತಿ ನೋಡಿದ.

“ಒಯ್ದಾಗ ಈ ತೂತು ಇರಲಿಲ್ರಿ ಸಾಹೇಬ್ರ. ನಿಮ್ಮ ಆಫೀಸಿನ್ಯಾಗ ಇಲಿಗೂ ಪಗಾರ ಕೊಟ್ಟು ಇಟಗೊಂಡೀರೇನು?”

“ಏ ಹಂಪಣ್ಣ, ಕೆಲಸ ಮುಗಿದ ಮ್ಯಾಲ ಇದನ್ನ ತಿರುಗಿ ಒಯ್ತೀನಿ. ನೆನಪಿಟಗೋ.”

“ಒಯ್ರಿ, ಯಾರು ಬ್ಯಾಡಂದಾರ? ಆದ್ರ ಇವತ್ತಿನ ಮಟ್ಟಿಗೆ ನಾ ಕಳ್ಳ ಅಲ್ಲ, ಸರ್ಕಾರಿ ಮನಿಷ್ಯಾ. ಹೌದಲ್ಲ?”

ಡಾಕ್ಟರ್ ಸುನಂದಾಗೆ ನಗುವ ಮನಸ್ಸಿರಲಿಲ್ಲ. ಅವಳ ಬೆನ್ನ ಹಿಂದೆ, ಆಸ್ಪತ್ರೆಯ ಮೂಲೆಯಲ್ಲಿ, ತಾಡಪತ್ರಿಯ ಕೆಳಗೆ ಮೂರು ಹೆಣಗಳಿದ್ದವು. ಕಂದು ಕೂದಲಿನ, ಆಡಿನ ಮರಿಯಷ್ಟೇ ಗಾತ್ರದ ಪ್ರಾಣಿಗಳು. ಮುಂಗಾಲು ಮಗುವಿನ ಕೈಯಂತೆ ಪುಟ್ಟದು, ಹಿಂಗಾಲು ಮೊಳದುದ್ದ, ಬಾಲ ಒನಕೆಯಂತೆ ದಪ್ಪ. ನಿನ್ನೆ ಬೆಳಿಗ್ಗೆ ಊರಾಚೆಯ ತಿರುವಿನಲ್ಲಿ ಒಂದು ವ್ಯಾನು ಹತ್ತಿ ಹೇರಿದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಹಳ್ಳಕ್ಕೆ ಮಗುಚಿತ್ತು. ಡ್ರೈವರ್ ಪರಾರಿ. ಟೊಮ್ಯಾಟೊ ಟ್ರೇಗಳ ಹಿಂದೆ ಬಚ್ಚಿಟ್ಟಿದ್ದ ಕಟ್ಟಿಗೆ ಪೆಟ್ಟಿಗೆಗಳಲ್ಲಿ ಇವು ಸಿಕ್ಕಿದ್ದವು. ಒಂದು ಗಂಡು, ಎರಡು ಹೆಣ್ಣು, ಮೂರೂ ಸತ್ತಿದ್ದವು.

ನಾಲ್ಕನೆಯದು ಬದುಕಿತ್ತು. ಕಿವಿ ಇಳಿಬಿಟ್ಟು, ಜೊಲ್ಲು ಸುರಿಸುತ್ತ, ಇನ್ನೇನು ಪ್ರಾಣ ಬಿಡುವಂತೆ ಮಲಗಿತ್ತು. ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಿ ದನಕರುಗಳ ನಡುವೆಯೇ ಬೆಳೆದ ಸುನಂದಾ ಸಾಯಲು ಬಿದ್ದ ಆಡುಗಳನ್ನು ಎಷ್ಟೋ ಕಂಡವಳು. ಇದನ್ನೂ ಹಾಗೆಯೇ ಎಂದುಕೊಂಡು, ನೀರು ಹನಿಸಲು ಪೆಟ್ಟಿಗೆಯ ಬಾಗಿಲು ತೆಗೆದಳು. ಅಷ್ಟೇ. ಅದು ಅವಳ ಭುಜದ ಮೇಲಿಂದ ಹಾರಿ, ತೊಗರಿ ಹೊಲದೊಳಗೆ ಕುಪ್ಪಳಿಸುತ್ತ ಗೂಗಿಗುಡ್ಡದ ಕಡೆ ಮಾಯವಾಯಿತು.

“ನಾನ ಬಿಟ್ಟೀನಿ, ನಾನ ತರ್ತೀನಿ,” ಎಂದಳು ಸುನಂದಾ. “ಗುಡ್ಡದಾಗ ತೋಳ ಅದಾವ, ಬೀದಿ ನಾಯಿ ಅದಾವ. ಮ್ಯಾಲ ಈ ಥಂಡಿ ಮಳಿ. ಅದು ಬೆಚ್ಚನ ಕಾಡಿನ ಪ್ರಾಣಿ. ಇವತ್ತು ನಾಳಿ ಸಿಗಲಿಲ್ಲಂದ್ರ ನಾಲ್ಕನೇ ಹೆಣ ಅದು.”

ಅದರ ಹೆಸರೇನು, ಗುಣವೇನು ಎಂಬುದನ್ನು ರಾಯಚೂರಿಗೆ ಬಂದಿಳಿದಿದ್ದ ವನ್ಯಜೀವಿ ವೈದ್ಯ ವಿಬುಧೇಂದ್ರ ಫೋನಿನಲ್ಲಿ ಹೇಳಿದ್ದರು. ಕಾಂಗರೂ ಕುಲದ ಚಿಕ್ಕ ತಂಗಿ, ವಾಲಬಿ. ಅದರಲ್ಲೂ ದಟ್ಟ ಕಾಡಿನ ವಾಲಬಿ. ಊರು ಸಮುದ್ರದಾಚೆಯ ನ್ಯೂಗಿನಿ. ಗುಂಪು ಕಟ್ಟುವುದಿಲ್ಲ, ಒಂಟಿ ಜೀವ. ಹಗಲೆಲ್ಲ ಪೊದೆಯೊಳಗೆ ಅಡಗಿದ್ದು ಸಂಜೆ ಮತ್ತು ನಸುಕಿನಲ್ಲಿ ಕಾಡಿನ ಅಂಚಿಗೆ ಬಂದು ಹುಲ್ಲು ತಿನ್ನುತ್ತದೆ. ಓಡಾಡಲು ಪೊದೆಯ ಬುಡದಲ್ಲಿ ತನ್ನದೇ ಸುರಂಗ ಮಾಡಿಕೊಳ್ಳುತ್ತದೆ. ಅಪಾಯ ಕಂಡರೆ ಹಿಂಗಾಲನ್ನು ನೆಲಕ್ಕೆ ಬಡಿದು ಸದ್ದು ಮಾಡುತ್ತದೆ. ಜೀವಂತ ತಂದರೆ ಮೃಗಾಲಯಕ್ಕೆ ಒಯ್ಯಲು ಗಾಡಿ ಸಿದ್ಧವಿದೆ ಎಂದಿದ್ದರು.

“ಅಂದ್ರ ಬಾಲದ ಮೊಲ,” ಎಂದು ಹಂಪಣ್ಣ ತೀರ್ಪು ಕೊಟ್ಟ. “ಮೊಲಂದ್ರ ನನಗ ಬಿಡ್ರಿ.”

*

ಗೂಗಿಗುಡ್ಡ ಎತ್ತರದ್ದೇನಲ್ಲ. ಆದರೆ ಅದನ್ನು ಹತ್ತಿದವರು ಅದನ್ನು ಬೈಯದೆ ಇಳಿದದ್ದಿಲ್ಲ. ಯಾರೋ ಸಿಟ್ಟಿನಿಂದ ಸುರಿದು ಹೋದಂತೆ ಬಂಡೆಯ ಮೇಲೆ ಬಂಡೆ. ಬಂಡೆಗಳ ಸಂದಿಯಲ್ಲಿ ಕಾರೆ, ಕವಳೆ, ಸೀತಾಫಲದ ಗಿಡ. ಹಿಂಬದಿಗೆ ಕಾಲುವೆ ಬಂದ ಮೇಲೆ ಬಸಿನೀರು ನಿಂತು, ಬಳ್ಳಾರಿ ಜಾಲಿಯೂ ಲಂಟಾನವೂ ಹೆಣೆದುಕೊಂಡು, ಹಗಲಲ್ಲೂ ಕತ್ತಲಾಗಿರುವ ಒಂದು ಪೊದೆಗಾಡು ಬೆಳೆದಿತ್ತು. ಆ ದಿನ ಬಂಗಾಳ ಕೊಲ್ಲಿಯ ಯಾವುದೋ ಚಂಡಮಾರುತದ ಬಾಲ ದೇವದುರ್ಗದ ಮೇಲೆ ಹಾದಿತ್ತು. ಆಕಾಶ ಬೂದಿ ಬಣ್ಣ. ಜಿಟಿಜಿಟಿ ಮಳೆ ನಿಲ್ಲುವುದೂ ಇಲ್ಲ, ಸುರಿಯುವುದೂ ಇಲ್ಲ. ಬಿಡಿಸದೆ ಉಳಿದ ಹತ್ತಿ ಹೊಲದಲ್ಲಿ ನೆನೆದು ಜೋತುಬಿದ್ದಿತ್ತು. ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲೂ ಒಂದೊಂದು ಕಲ್ಲಾಯಿತು.

ಗುಡ್ಡದ ಬುಡದಲ್ಲಿ ಕುರಿದೊಡ್ಡಿ. ಅದರ ಒಡತಿ ಅಂಬಮ್ಮ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತಿದ್ದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಹೆಗಲಿಂದ ಹೊಟ್ಟೆಯ ಮೇಲೆ ಜೋತುಬಿದ್ದ ಕಂಬಳಿ ಜೋಳಿಗೆಯಿಂದ ಆಗಷ್ಟೇ ಹುಟ್ಟಿದ ಕುರಿಮರಿಯೊಂದು ಇಣುಕುತ್ತಿತ್ತು. ದಾರಿಯಲ್ಲಿ ಈದ ಮರಿಗಳನ್ನು ಕುರುಬರು ಹೊರುವುದೇ ಹಾಗೆ.

“ಯವ್ವಾ, ವಿಚಿತ್ರ ಪ್ರಾಣಿ ಏನಾರ ಕಂಡೇನು?” ಸುನಂದಾ ಕೇಳಿದಳು.

“ಕಂಡೆ. ನಿನ್ನಿ ಹೊತ್ತು ಮುಳುಗೂ ಮುಂದ ಆ ಜಾಲಿ ಅಂಚಿನ್ಯಾಗ ಹುಲ್ಲು ತಿನ್ನಾಕತ್ತಿತ್ತು. ನನ್ನ ಹಂಗ ಅದೂ ಹೊಟ್ಟಿಗೆ ಜೋಳಿಗಿ ಕಟಗೊಂಡದ. ಒಳಗಿಂದ ಒಂದು ಮರಿ ತಲಿ ಹೊರಗ ಹಾಕಿತು, ತಾನೂ ಒಂದು ಹುಲ್ಲು ಕಡೀತು, ಒಳಗ ಹೋತು.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಮರಿಯ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಸುನಂದಾಗೆ ಅರಿವಾಯಿತು: ತಾನು ಬಾಗಿಲು ತೆಗೆದು ಬಿಟ್ಟದ್ದು ಒಂದು ಜೀವವನ್ನಲ್ಲ, ಎರಡನ್ನು.

ಪೊದೆಯ ಅಂಚಿನಲ್ಲಿ ಹುಡುಕುವುದು ಕಷ್ಟವಾಗಲಿಲ್ಲ. ಕೆಸರಿನಲ್ಲಿ ಉದ್ದನೆಯ ಹಿಂಗಾಲಿನ ಜೋಡಿ ಗುರುತುಗಳು ಮೂಡಿದ್ದವು. ಅವು ಹೋಗಿ ಸೇರಿದ್ದು ಲಂಟಾನದ ಬುಡದಲ್ಲಿದ್ದ ಒಂದು ಗುಂಡು ಕಂಡಿಗೆ. ಹಂಪಣ್ಣ ಮಂಡಿಯೂರಿ ನೋಡಿದ. ಒಂದೇ ದಿನದಲ್ಲಿ ಒಳಗೆ ಎಲೆಗಳನ್ನು ಒತ್ತಿ ನುಣುಪು ಮಾಡಿದ ದಾರಿಯಿತ್ತು. ಪರದೇಶದ ಪ್ರಾಣಿ ನಮ್ಮ ಮುಳ್ಳಿನಲ್ಲೂ ತನ್ನ ಊರಿನ ಓಣಿ ಕಟ್ಟಿಕೊಂಡಿತ್ತು.

“ಇಲ್ಲೇ ಕೂತು ಸಂಜಿಮಟ ಕಾಯೂಣೇನು?” ಸುನಂದಾ ಅನುಮಾನದಿಂದ ಕೇಳಿದಳು.

“ಕಾಯೋದು ಮೀನ ಹಿಡಿಯೋರ ಕೆಲಸ ಮೇಡಮ್ರೀ,” ಹಂಪಣ್ಣ ಎದ್ದು ನಿಂತ. “ಹಿಂಗಾಲು ಉದ್ದ ಇರೋ ಪ್ರಾಣಿ ಬೆದರಿದ್ರ ಏರು ಕಡೀಗೇ ಓಡ್ತದ. ಇಳಿಜಾರಿಗಿ ಓಡಿದ್ರ ಮುಗ್ಗರಸ್ತದ. ನಮ್ಮಪ್ಪ, ನಮ್ಮಜ್ಜ ಎಲ್ಲಾರೂ ಬಲಿ ಮ್ಯಾಲ ಒಡ್ಡ್ಯಾರ, ತೆಳಗಿಂದ ಸೋಹಿ ಓಡಿಸ್ಯಾರ. ಡಬ್ಬಿ ಬಡೀರಿ, ಒದರ್ರಿ. ಅದು ತಾನ ಬಂದು ಬಲಿಯಾಗ ಬೀಳ್ತದ.”

ಮಳೆ ಜೋರಾಗುವ ಲಕ್ಷಣವಿತ್ತು. ಸುನಂದಾಗೆ ಒಳಗೊಳಗೇ ಏನೋ ಕುಟುಕಿತು. ಆದರೂ ಬೇಗ ಮುಗಿಯಲಿ ಎಂಬ ಆಸೆ ಗೆದ್ದಿತು. “ಆಯ್ತು, ಓಡಸೂಣು,” ಎಂದಳು.

ಪೊದೆಗಾಡಿನ ಮೇಲ್ಬದಿಯಲ್ಲಿ ಎರಡು ಬಂಡೆಗಳ ನಡುವೆ ಹಂಪಣ್ಣ ಬಲೆ ಬಿಗಿದ. ಕೆಳಗಿನಿಂದ ಉದಯಕುಮಾರ ಎಣ್ಣೆ ಡಬ್ಬಿ ಬಡಿಯುತ್ತ, ಸುನಂದಾ ಕೋಲಿನಿಂದ ಲಂಟಾನ ಬಡಿಯುತ್ತ ಹೊರಟರು. ಅಂಬಮ್ಮ ಮಾತ್ರ ದೂರ ನಿಂತಳು. ಕುರುಬರು ಈಯುವ ಕಾಲದಲ್ಲಿ ಯಾವ ಪ್ರಾಣಿಯನ್ನೂ ಬೆನ್ನಟ್ಟುವುದಿಲ್ಲ ಎಂದು ಅವಳು ಹೇಳಿದ್ದು ಡಬ್ಬಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

“ಹೋಯ್! ಹೋಹೋಯ್!”

ಪೊದೆ ಅಲುಗಿತು. ಧಪ್! ಧಪ್! ನೆಲ ಬಡಿಯುವ ಸದ್ದು.

“ಬಂತು! ಮ್ಯಾಲ ಬಂತು!” ಹಂಪಣ್ಣ ಒದರಿದ.

ಕಂದು ಮೈ ಒಂದು ಪೊದೆಯಿಂದ ಚಿಮ್ಮಿತು. ಬಲೆಯ ಹತ್ತಿರಕ್ಕೂ ಬಂತು. ಹಂಪಣ್ಣ ಕೈ ಚಾಚಿದ. ಅಷ್ಟರಲ್ಲಿ ಅದು ಗಾಳಿಯಲ್ಲೇ ಮೈ ತಿರುಗಿಸಿ, ಬಾಲವನ್ನು ಬಂಡೆಗೆ ಬಡಿದು, ಬಂದ ದಾರಿಯಲ್ಲೇ ಇಳಿಜಾರಿಗೆ ಹಾರಿತು.

ಉದಯಕುಮಾರ ಅಡ್ಡ ನಿಂತ. ಅದು ಅವನ ಕಾಲ ಸಂದಿಯಲ್ಲಿ ನುಸುಳಿತು. ಅವನು ಡಬ್ಬಿ ಸಮೇತ ಕೆಸರಿಗೆ ಬಿದ್ದ.

“ಬಿಡಬ್ಯಾಡ್ರಿ!”

ಸುನಂದಾ ಬೆನ್ನಟ್ಟಿದಳು. ಮುಳ್ಳು ಮುಖ ಗೀರಿತು. ಮುಂದೆ ಕಂದು ಬೆನ್ನು ಒಮ್ಮೆ ಕಂಡಿತು, ಮತ್ತೊಮ್ಮೆ ಕಂಡಿತು. ಅದರ ಹೊಟ್ಟೆಯ ಕೆಳಗಿನಿಂದ ಏನೋ ಕಳಚಿ ಬಿದ್ದಂತಾಯಿತು. ಅವಳು ಎಲೆಗೊಂಚಲೆಂದುಕೊಂಡು ಅದನ್ನು ದಾಟಿ ಓಡಿದಳು. ಪ್ರಾಣಿ ಲಂಟಾನದ ಇನ್ನೊಂದು ಕಂಡಿಯಲ್ಲಿ ನುಗ್ಗಿ ಕಾಣೆಯಾಯಿತು.

ಆಮೇಲೆ ಮಳೆಯ ಸದ್ದು ಮಾತ್ರ ಉಳಿಯಿತು.

ಎಷ್ಟು ಹೊತ್ತು ಹುಡುಕಿದರೂ ಸಿಗಲಿಲ್ಲ. ಮೂವರೂ ಏದುಸಿರು ಬಿಡುತ್ತ, ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತ ಕೂತಿದ್ದಾಗ ಅಂಬಮ್ಮ ಕೆಳಗಿನಿಂದ ಕರೆದಳು. ಅವಳು ಜಾಲಿ ಮುಳ್ಳಿನ ನಡುವೆ ಬಗ್ಗಿದ್ದಳು. ಮಳೆನೀರಿನ ಗುಂಡಿಯ ಅಂಚಿನಲ್ಲಿ, ಗೇಣುದ್ದದ ಒಂದು ಜೀವ ನಡುಗುತ್ತಿತ್ತು. ಮೈಮೇಲೆ ಈಗಷ್ಟೇ ಬಂದ ನವಿರು ಕೂದಲು, ದೊಡ್ಡ ಕಪ್ಪು ಕಣ್ಣು. ತೊಡೆಯಲ್ಲಿ ಜಾಲಿ ಮುಳ್ಳು ಆಳಕ್ಕೆ ಹೊಕ್ಕಿತ್ತು. ಅದು ಬಾಯಿ ತೆರೆದು ‘ಚ್ಕ್, ಚ್ಕ್’ ಎನ್ನುತ್ತಿತ್ತು.

ಸುನಂದಾ ಓಡಿ ಬಂದು ಬಗ್ಗಿ ನೋಡಿದಳು. ತಾನು ದಾಟಿ ಓಡಿದ್ದು ಇದನ್ನೇ.

“ತಾಯಿ ಮರೀನ ಒಗದು ಓಡಿತಲ್ಲ!” ಉದಯಕುಮಾರನಿಗೆ ನಂಬಲಾಗಲಿಲ್ಲ. “ಎಂಥಾ ಕಲ್ಲು ಮನಸ್ಸಿನ ಪ್ರಾಣಿ!”

“ಅದು ಒಗೀಲಿಲ್ಲ,” ಎಂದಳು ಸುನಂದಾ. “ಜೀವಭಯಕ್ಕ ಮೈ ಸಡಲ್ತದ, ಚೀಲದ ಬಾಯಿ ಬಿಚ್ಚತದ. ಅದರ ಕೈಯಾಗ ಏನೂ ಇರಂಗಿಲ್ಲ.”

ಅಂಬಮ್ಮ ಕುರಿಮರಿಯನ್ನು ಕೆಳಗಿಳಿಸಿ, ಈ ಮರಿಯನ್ನು ಸೆರಗಿನಿಂದ ಒರೆಸಿ ಜೋಳಿಗೆಗೆ ಹಾಕಿಕೊಂಡಳು. “ನಮ್ಮೂರ ಮಂದಿ ದುಡಿಯಾಕ ಹೋಗೂ ಮುಂದ ಹಾಲು ಕುಡಿಯೋ ಕೂಸು ಬಿಟ್ಟು ಹೋಗಿಲ್ಲೇನು?” ಎಂದಳು ಉದಯಕುಮಾರನ ಕಡೆ ನೋಡದೆಯೇ. “ನನ್ನ ತಂಗಿ ಯಂಕಮ್ಮನೂ ಬಿಟ್ಟು ಹೋಗಿದ್ಲು. ಓಡೋರನ್ನ ಬೈಬ್ಯಾಡ ಯಪ್ಪಾ. ಓಡಿಸಿದೋರು ಯಾರಂತ ನೋಡು.”

ಹಂಪಣ್ಣ ತಲೆ ತಗ್ಗಿಸಿ ಬಲೆ ಸುತ್ತತೊಡಗಿದ. ಅಜ್ಜನ ಕಾಲದಿಂದ ಬಂದ ವಿದ್ಯೆ ಮೊದಲ ಸಲ ಅವನಿಗೆ ಕಹಿಯಾಗಿತ್ತು.

*

ಆ ರಾತ್ರಿಯನ್ನು ಕುರಿದೊಡ್ಡಿಯ ಗುಡಿಸಲಲ್ಲಿ ಕಳೆದರು. ಸುನಂದಾ ಮುಳ್ಳು ತೆಗೆದು ಗಾಯ ತೊಳೆದಳು. ಅಂಬಮ್ಮ ಕುರಿಹಾಲು ಕರೆದು ತಂದಾಗ ಕೈ ಅಡ್ಡ ಹಿಡಿದಳು.

“ಬ್ಯಾಡ ಯವ್ವಾ. ಇವುಕ್ಕ ನಮ್ಮ ಹಾಲು ಒಗ್ಗಂಗಿಲ್ಲ. ಭೇದಿ ಹತ್ತತದ, ಕಣ್ಣು ಹೋಗ್ತಾವ.”

“ಹಾಲು ಒಗ್ಗದ ಮರಿ! ಹಂಗಾರ ಏನು ಕೊಡ್ತಿ?”

“ಗ್ಲುಕೋಸ್ ನೀರು. ಇವತ್ತಿನ ಮಟ್ಟಿಗಿ ಜೀವ ಹಿಡದ್ರ ಸಾಕು.”

ಹನಿ ಹನಿಯಾಗಿ ಕುಡಿಸಿದರು. ಮರಿ ಅಂಬಮ್ಮನ ಹೊಟ್ಟೆಯ ಬಿಸಿಗೆ ಮುದುಡಿ ಮಲಗಿತು. ಅದನ್ನು ಇಳಿಸಿದರೆ ಸಾಕು ನಡುಗುತ್ತಿತ್ತು. ಹೀಗಾಗಿ ಅವಳು ಗೋಡೆಗೆ ಒರಗಿ ಕೂತೇ ಇದ್ದಳು.

“ಕುರಿ ಮರೀನ ಬಿಟ್ರ ನಾವು ಕುರೀನ ಬೆನ್ನಟ್ಟಂಗಿಲ್ಲ,” ಎಂದಳು. “ಅದು ದಿನಾ ಮೇಯೋ ಜಾಗದಾಗ ಮರೀನ ಒಯ್ದು ಕೂಡತೀವಿ. ಮರಿ ಅರಚ್ತದ. ನಾವು ಕಲ್ಲಾಗತೀವಿ. ತಾಯಿ ಬಂದ್ರ ಬಂತು, ಇಲ್ಲಂದ್ರ ಇಲ್ಲ.”

“ನಾಳಿ ನಸುಕಿನ್ಯಾಗ ಅದು ಹುಲ್ಲಿಗಿ ಅಂಚಿಗೆ ಬರಬೇಕು,” ಸುನಂದಾ ಯೋಚಿಸುತ್ತ ಹೇಳಿದಳು. “ತನ್ನ ಸುರಂಗದಾಗ ಬರ್ತದ. ಹಂಪಣ್ಣ, ಬಲಿ ಗೋಡಿ ಹಂಗ ಬ್ಯಾಡ. ಸುರಂಗದ ಬಾಯಿಗೆ ಚೀಲದಂಗ ಕಟ್ಟಾಕ ಬರ್ತದೇನು?”

“ಬರ್ತದ. ಆದ್ರ ಒದರೋರು ಯಾರು?”

“ಯಾರೂ ಇಲ್ಲ. ನೀನೂ ಬಾಯಿ ಮುಚಗೊಂಡಿರಬೇಕು.”

“ಅದಽ ಕಷ್ಟದ ಕೆಲಸ,” ಎಂದು ಉದಯಕುಮಾರ ಗೊಣಗಿದ.

*

ನಸುಕಿನಲ್ಲಿ ಮಳೆ ನಿಂತಿತ್ತು. ಮಂಜು ಪೊದೆಗಳ ಮೇಲೆ ಕವುಚಿಕೊಂಡಿತ್ತು. ದೂರದಲ್ಲಿ ನವಿಲೊಂದು ಕೂಗಿ ಸುಮ್ಮನಾಯಿತು. ಒದ್ದೆ ಬಂಡೆಗಳಿಂದ ಹನಿಗಳು ತೊಟ್ಟಿಕ್ಕುತ್ತಿದ್ದವು. ಬೂದು ಬೆಳಕಿನಲ್ಲಿ ಗುಡ್ಡ, ಹೊಲ, ಕಾಲುವೆ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿ, ಎಲ್ಲಿ ನೆಲ ಮುಗಿಯಿತು ಎಲ್ಲಿ ಆಕಾಶ ಶುರುವಾಯಿತು ತಿಳಿಯುತ್ತಿರಲಿಲ್ಲ. ನಾಲ್ವರೂ ಗಾಳಿಗೆ ಎದುರಾಗಿ, ಮಾತಿಲ್ಲದೆ ಜಾಗ ಹಿಡಿದರು.

ಅಂಬಮ್ಮ ಸುರಂಗದ ಬಾಯಿಂದ ಸ್ವಲ್ಪ ದೂರದಲ್ಲಿ, ಹುಲ್ಲಿನ ಮೇಲೆ, ಜೋಳಿಗೆಯ ಬಾಯಿ ಸಡಿಲಿಸಿ ಕೂತಳು. ಹಂಪಣ್ಣ ಬಲೆಯ ಹಗ್ಗ ಹಿಡಿದು ಪೊದೆಯ ಪಕ್ಕ ಬೋರಲು ಮಲಗಿದ. ಸುನಂದಾ ಇನ್ನೊಂದು ಕಂಬಳಿ ಹಿಡಿದು ಅವನ ಹಿಂದೆ. ಉದಯಕುಮಾರ ಪೊದೆಯ ಇನ್ನೊಂದು ಅಂಚಿನಲ್ಲಿ, ಲಾಠಿಯ ಜೊತೆ.

‘ಚ್ಕ್... ಚ್ಕ್...’

ಮರಿ ಕರೆಯುತ್ತಿತ್ತು. ರಾತ್ರಿಗಿಂತ ಅದರ ದನಿ ಸೋತಿತ್ತು. ಸುನಂದಾ ಹಲ್ಲು ಕಚ್ಚಿ ಕೂತಳು. ಬಾರವ್ವಾ, ಒಂದು ಸಲ ಬಾ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

ಪೊದೆಯೊಳಗೆ ಎಲೆ ಅಲುಗಿತು. ನಿಂತಿತು. ಮತ್ತೆ ಅಲುಗಿತು. ತಾಯಿ ಒಳಗಿತ್ತು. ಹತ್ತಿರದಲ್ಲೇ ಇತ್ತು. ಎಲ್ಲರ ಕಣ್ಣೂ ಸುರಂಗದ ಬಾಯಿಗೆ ನೆಟ್ಟವು. ಬೆನ್ನ ಹಿಂದೆ ಯಾರೂ ನೋಡಲಿಲ್ಲ. ಅಷ್ಟು ವರ್ಷ ಕುರಿ ಕಾದ ಅಂಬಮ್ಮನೂ ನೋಡಲಿಲ್ಲ.

ಧಪ್!

ಪೊದೆಯೊಳಗಿಂದ ಹಿಂಗಾಲಿನ ಬಡಿತ.

ಧಪ್! ಧಪ್!

ಅಪಾಯದ ಸದ್ದು! ಯಾರೂ ಅಲುಗಿಲ್ಲ, ಯಾರೂ ಉಸಿರೆತ್ತಿಲ್ಲ. ಮತ್ತೆ ಯಾರನ್ನು ಕಂಡು? ಅಂಬಮ್ಮ ಸರಕ್ಕನೆ ತಿರುಗಿದಳು.

ತೊಗರಿ ಸಾಲಿನಿಂದ ತೋಳವೊಂದು ಹೊರಬಂದು ನಿಂತಿತ್ತು. ಬಡಕಲು ಮೈ, ಹಳದಿ ಕಣ್ಣು. ಜೋಳಿಗೆಯ ದನಿಗೆ ಬಂದ ಅದು ಇನ್ನೆರಡು ನೆಗೆತ ನೆಗೆದಿದ್ದರೆ ಅವಳ ಮೇಲೆಯೇ ಇರುತ್ತಿತ್ತು.

“ಹಚಾ!” ಅಂಬಮ್ಮ ಕೋಲೆತ್ತಿದಳು.

ತೋಳ ಅವಳನ್ನು ನೋಡಲಿಲ್ಲ. ಅದರ ಕಿವಿ ಪೊದೆಯ ಕಡೆ ತಿರುಗಿತ್ತು. ಕಾಲು ಬಡಿದು ಎಚ್ಚರಿಸಿದ ತಾಯಿ ತಾನಿರುವ ಜಾಗವನ್ನು ತಾನೇ ಹೇಳಿಕೊಟ್ಟಿತ್ತು.

ತೋಳ ಪೊದೆಗೆ ನುಗ್ಗಿತು.

“ಉದಯಾ! ನಿನ್ನ ಕಡಿ!” ಸುನಂದಾ ಚೀರಿದಳು.

ದಪ್ಪ ಮೈಯ ಉದಯಕುಮಾರ ಒಂದು ಕ್ಷಣ ಪೊದೆ ನೋಡಿದ. ಕರಡಿ, ತೋಳ, ಹಾವು ಮೂರಕ್ಕೂ ಹೆದರುವವನು ಎಂದು ಇಡೀ ದೇವದುರ್ಗಕ್ಕೆ ಅವನ ಖ್ಯಾತಿ. ಮರುಕ್ಷಣ ಅವನು ಲಾಠಿ ಮುಂದೆ ಮಾಡಿ, ಹೊಟ್ಟೆಯ ಮೇಲೆ ತೆವಳುತ್ತ ಮುಳ್ಳಿನ ಸುರಂಗದೊಳಗೆ ಹೊಕ್ಕ.

“ಹೋಗಲೇ! ಹೋಗ್ತೀ ಇಲ್ಲ!”

ಒಳಗೆ ಗುರುಗುಟ್ಟುವಿಕೆ. ಮುಳ್ಳುಗಳು ಮುರಿಯುವ ಸದ್ದು. ಬಟ್ಟೆ ಹರಿಯುವ ಸದ್ದು. ‘ಯವ್ವೋ’ ಎಂಬ ಕೂಗು.

“ಬರಾಕತ್ತದ!” ಹಂಪಣ್ಣ ಪಿಸುಗುಟ್ಟಿದ.

ಸುರಂಗದ ಬಾಯಿಂದ ಕಂದು ಮೈ ಗುಂಡಿನಂತೆ ಹೊರಚಿಮ್ಮಿತು. ಬಲೆ ಉಬ್ಬಿತು. ಹಂಪಣ್ಣ ಹಗ್ಗ ಎಳೆದ. ಪ್ರಾಣಿ ಒದೆಯಿತು. ಹಿಂಗಾಲಿನ ಉಗುರು ಅವನ ಮೊಣಕೈಯನ್ನು ಸೀಳಿತು. ಅವನು ಹಗ್ಗ ಬಿಡಲಿಲ್ಲ, ಬಾಯೂ ಬಿಡಲಿಲ್ಲ.

ಸುನಂದಾ ಕಂಬಳಿ ಹೊದಿಸಿ ಅದರ ಕಣ್ಣು ಮುಚ್ಚಿದಳು. ಕತ್ತಲಾದೊಡನೆ ಒದೆತ ಕಡಿಮೆಯಾಯಿತು. ಎದೆ ಮಾತ್ರ ಹುಚ್ಚಾಗಿ ಬಡಿದುಕೊಳ್ಳುತ್ತಿತ್ತು. ಹೆದರಿಕೆಗೇ ಸಾಯುವ ಜಾತಿ ಅದು. ಹಿಡಿದ ಮೇಲೂ ಗಂಟೆಗಟ್ಟಲೆ ಅಪಾಯ ತಪ್ಪಿದ್ದಲ್ಲ. ಅವಳು ನಿದ್ದೆ ಬರಿಸುವ ಚುಚ್ಚುಮದ್ದು ಕೊಟ್ಟಳು. ಬಲೆಯ ಕಣ್ಣುಗಳು ಅದರ ಕಾಲಿಗೆ ಬಿಗಿಯಾಗಿ ಸುತ್ತಿಕೊಂಡಿದ್ದವು.

“ಬಿಚ್ಚಾಕ ಹೊತ್ತು ಹಿಡೀತದ, ಅಷ್ಟೊತ್ತು ಇದು ತಡಿಯಂಗಿಲ್ಲ,” ಎಂದಳು.

“ಕೊಯ್ರಿ,” ಎಂದ ಹಂಪಣ್ಣ.

“ನಿಮ್ಮಪ್ಪ ನೇದ ಬಲಿ ಅಂತಿದ್ದಿ?”

“ಕೊಯ್ರಿ ಮೇಡಮ್ರೀ. ನಮ್ಮಪ್ಪಗ ನಾ ಹೇಳ್ಕೋತೀನಿ.”

ಬಲೆ ಕತ್ತರಿಸಿದರು. ಅಷ್ಟರಲ್ಲಿ ಉದಯಕುಮಾರ ಪೊದೆಯಿಂದ ಹೊರಬಂದ. ಅಂಗಿಯ ಬೆನ್ನು ಪೂರ್ತಿ ಹರಿದಿತ್ತು. ಮೈಯೆಲ್ಲ ರಕ್ತದ ಗೀರು. ಒಂದು ಕೈಯಲ್ಲಿ ಅರ್ಧ ಲಾಠಿ.

“ತೋಳ ಹೋತು,” ಎಂದ. “ನಾ ಇದೀನೋ ಇಲ್ಲೋ ನೋಡ್ರಿ.”

ಸುನಂದಾ ಮರಿಯನ್ನು ತಾಯಿಯ ಚೀಲಕ್ಕೆ ಹಾಕಿ ನೋಡಿದಳು. ಬಾಯಿಗೆ ಮೊಲೆ ಹಿಡಿಸಿದಳು. ಅದು ಹಿಡಿಯಲಿಲ್ಲ. ಮತ್ತೆ ಹಿಡಿಸಿದಳು. ಚೀಪುವ ಕಸುವು ಅದಕ್ಕೆ ಉಳಿದಿರಲಿಲ್ಲ. ಮದ್ದಿನ ಮಂಪರಿನಲ್ಲಿದ್ದ ತಾಯಿಯ ಚೀಲದಿಂದ ಅದು ಜಾರಿ ಜಾರಿ ಹೊರಬಂತು. ಕೊನೆಗೆ ಅಂಬಮ್ಮ ಕೈ ಚಾಚಿದಳು.

“ಕೊಡಿಲ್ಲಿ. ರಾಯಚೂರಿನ ಮಟ ನಾ ಹೊತಗೊಂಡು ಬರ್ತೀನಿ. ಕುರಿಗಳ್ನ ತಂಗಿ ಯಂಕಮ್ಮ ನೋಡ್ಕೋತಾಳ.”

*

ಜೀಪು ಸಿರವಾರದ ದಾರಿ ಹಿಡಿಯಿತು. ಹಿಂದೆ ಕತ್ತಲು ಮಾಡಿದ ಪೆಟ್ಟಿಗೆಯಲ್ಲಿ ತಾಯಿ. ಪಕ್ಕದಲ್ಲಿ ಜೋಳಿಗೆಯೊಂದಿಗೆ ಅಂಬಮ್ಮ. ಎದುರಿಗೆ ಸುನಂದಾ. ಹಾರ್ನ್ ಮಾಡಕೂಡದು, ಜೋರಾಗಿ ಬ್ರೇಕ್ ಹಾಕಕೂಡದು ಎಂದು ಹಂಪಣ್ಣ ಮುಂದೆ ಕೂತು ಉದಯಕುಮಾರನಿಗೆ ಪಿಸುಮಾತಿನಲ್ಲೇ ಆಜ್ಞೆ ಕೊಡುತ್ತಿದ್ದ. ಎರಡೂ ಬದಿಗೆ ಕೊಯ್ಲಿಗೆ ಬಂದ ಭತ್ತ ಮಳೆಗೆ ನೆಲಕ್ಕೊರಗಿತ್ತು. ಗದ್ದೆಯ ಬದುವಿನ ಮೇಲೆ ಜನ ಕೈಕಟ್ಟಿ ನಿಂತು ನೀರು ನೋಡುತ್ತಿದ್ದರು. ಅಕ್ಕಿ ಗಿರಣಿಗಳ ಹೊಗೆಯೂ ಮೇಲೇಳಲಾರದೆ ರಸ್ತೆಯ ಮೇಲೆಯೇ ಹಾಸಿಕೊಂಡಿತ್ತು.

ಸಿರವಾರ ದಾಟುವವರೆಗೂ ಅಂಬಮ್ಮ ಜೋಳಿಗೆಯೊಳಗೆ ಕೈಯಿಟ್ಟು, ಕುರಿಮರಿಯೊಡನೆ ಮಾತಾಡುವಂತೆ ಏನೋ ಗುನುಗುತ್ತಿದ್ದಳು. ಕಲ್ಲೂರು ದಾಟಿದ ಮೇಲೆ ಗುನುಗುವುದು ನಿಂತಿತು.

ಸುನಂದಾ ತಲೆ ಎತ್ತಿ ನೋಡಿದಳು. ಅಂಬಮ್ಮ ನೋಟ ತಪ್ಪಿಸಿ, ಕಂಬಳಿಯ ಅಂಚನ್ನು ಜೋಳಿಗೆಯ ಮೇಲೆ ಇನ್ನಷ್ಟು ಎಳೆದುಕೊಂಡಳು. ಪೆಟ್ಟಿಗೆಯೊಳಗೆ ತಾಯಿ ಮಂಪರು ಹರಿದು ಮೂಗು ಅಲುಗಿಸುತ್ತಿತ್ತು. ರಾಯಚೂರಿನ ಕೋಟೆಬೆಟ್ಟ ಕಂಡಿತು.

ಮೃಗಾಲಯದ ಗಾಡಿಯ ಬಳಿ ವಿಬುಧೇಂದ್ರ ಕಾಯುತ್ತಿದ್ದರು. ಕನ್ನಡಕದ, ಕಡಿಮೆ ಮಾತಿನ ಮನುಷ್ಯ. ತಾಯಿಯ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಆಲಿಸಿದರು. ಕಾಲಿನ ಸ್ನಾಯು ಒತ್ತಿ ನೋಡಿದರು.

“ಬದಕ್ತದರೀ. ನೀವು ಕಣ್ಣು ಮುಚ್ಚಿ ತಂದಿದ್ದು ಛಲೋ ಆತು,” ಎಂದರು. “ಮರಿ?”

ಅಂಬಮ್ಮ ಜೋಳಿಗೆಯ ಬಾಯಿ ಬಿಚ್ಚಿದಳು. ಮರಿ ಮುದುಡಿಕೊಂಡೇ ಇತ್ತು. ಕಪ್ಪು ಕಣ್ಣು ಅರೆ ತೆರೆದಿತ್ತು.

ಸುನಂದಾ ಅಳು ತಡೆಯಲಿಲ್ಲ. ಜೀಪಿಗೆ ಹಣೆ ಒತ್ತಿ ಅತ್ತಳು. “ಬಾಗಲಾ ತಗದಕೀನೂ ನಾನ, ಓಡಸೂಣು ಅಂದಕೀನೂ ನಾನ,” ಎಂದಳು. ಹಂಪಣ್ಣ, “ಬಲಿ ನಂದು ಮೇಡಮ್ರೀ,” ಎಂದ. ಉದಯಕುಮಾರ, “ಡಬ್ಬಿ ಬಡದಾಂವ ನಾ,” ಎಂದ. ತಪ್ಪಿನ ಪಾಲಿಗೂ ಜನ ಮುಂದೆ ಬರುತ್ತಾರೆಂದು ಸುನಂದಾಗೆ ಗೊತ್ತಿರಲಿಲ್ಲ. ಆದರೂ ಅವಳ ಪಾಲು ಕಡಿಮೆಯಾಗಲಿಲ್ಲ.

ವಿಬುಧೇಂದ್ರ ಕನ್ನಡಕ ಒರೆಸಿಕೊಂಡರು. ಹೇಳಲೋ ಬೇಡವೋ ಎಂಬಂತೆ ತಡೆದು ಹೇಳಿದರು.

“ಈ ಪ್ರಾಣಿಗಳದು ಒಂದು ರೀತಿ ಅದ. ಚೀಲದಾಗ ಒಂದು ಮರಿ ಇರೂ ಮುಂದನ, ಗರ್ಭದಾಗ ಇನ್ನೊಂದು ಕಾಳಿನಷ್ಟು ಆಗಿ ನಿಂತಿರ್ತದ. ಬೆಳಿಯಂಗಿಲ್ಲ, ಸಾಯಂಗಿಲ್ಲ. ಚೀಲದಾಗಿನ ಮರಿ ಹಾಲು ಕುಡಿಯೋದು ಬಿಟ್ಟ ಮ್ಯಾಲ ಅದು ಬೆಳ್ಯಾಕ ಸುರು ಮಾಡ್ತದ. ಇದ್ದರ ಇರಬಹುದು. ಖಾತ್ರಿ ಹೇಳಾಕ ಬರಂಗಿಲ್ಲ.”

ಅಂಬಮ್ಮ ಅದನ್ನು ಎರಡು ಸಲ ಹೇಳಿಸಿಕೊಂಡಳು. “ಅಂದ್ರ ಇದು ದಾರಿ ಬಿಟ್ರನ ಅದು ಬರೋದು,” ಎಂದಳು. ಆಮೇಲೆ ಜೋಳಿಗೆಯ ಬಾಯಿ ಮುಚ್ಚಿದಳು. “ಇದನ್ನ ನಾ ಒಯ್ತೀನಿ. ಇಲ್ಲಿ ಎಲ್ಲೋ ಒಗೀತಾರ.”

ಗಾಡಿ ಹೊರಟು ಹೋಯಿತು. ಅದು ತಿರುವು ದಾಟುವವರೆಗೂ ನಾಲ್ವರೂ ನೋಡುತ್ತ ನಿಂತರು. ಗೆದ್ದೆವೋ ಸೋತೆವೋ ಅವರಿಗೇ ತಿಳಿಯಲಿಲ್ಲ. ಸಂಜೆ ಗೂಗಿಗುಡ್ಡದ ಬುಡದಲ್ಲಿ, ತಾಯಿ ಹುಲ್ಲು ಮೇಯುತ್ತಿದ್ದ ಅಂಚಿನಲ್ಲೇ, ಮರಿಯನ್ನು ಮಣ್ಣು ಮಾಡಿದರು. ತೋಳ ತೋಡದಂತೆ ಉದಯಕುಮಾರ ಮೇಲೆ ಬಂಡೆಗಲ್ಲು ಹೊರಿಸಿದ.

ತಿಂಗಳು ದಾಟಿತು. ಮೋಡ ಕರಗಿ ಬಿಳಿಜೋಳ ತೆನೆ ಹಿಡಿದಿತ್ತು. ಒಂದು ಮಧ್ಯಾಹ್ನ ಸುನಂದಾ ಒಬ್ಬಳೇ ಗುಡ್ಡದ ಬುಡಕ್ಕೆ ಬಂದಳು. ಅಂಬಮ್ಮ ಕುರಿಗಳ ನಡುವೆ ನಿಂತಿದ್ದಳು.

“ಯವ್ವಾ, ವಿಬುಧೇಂದ್ರ ಸರ್ ಫೋನ್ ಮಾಡಿದ್ರು,” ಎಂದಳು ಸುನಂದಾ ದೂರದಿಂದಲೇ. “ಚೀಲದಾಗ ಹೊಸಾ ಮರಿ ಅದ. ಶೇಂಗಾ ಬೀಜದಷ್ಟು. ಮೊಲಿ ಗಟ್ಟಿ ಹಿಡದದ ಅಂತ.”

ಅಂಬಮ್ಮ ಕೋಲಿನ ಮೇಲೆ ಗಲ್ಲವಿಟ್ಟು ಜಾಲಿ ಪೊದೆಯ ಕಡೆ ನೋಡಿದಳು. ಕಣ್ಣೊರೆಸಿಕೊಳ್ಳಲಿಲ್ಲ.

“ಛಲೋ ಆತು ಬಿಡು,” ಎಂದಳು ಕೊನೆಗೆ. “ಅಲ್ಲಿ ಮಂದಿಗಿ ಒಂದು ಮಾತು ಹೇಳು ಯವ್ವಾ. ಈ ಸಲ ಯಾರೂ ಅದನ್ನ ಓಡಿಸಬ್ಯಾಡ್ರಿ ಅಂತ ಹೇಳು.”